ಓದುಗರ ಪ್ರಶ್ನೆ, ನಮ್ಮ ಉತ್ತರ: ಚಿತ್ರ ನೋಡಿ ನಾಣ್ಯ ಕೂಡಿಸುವವರಿಗೆ

ದೇಶ, ದೊರೆ, ಇಸವಿ ಎಂದು ನಾಣ್ಯ ಕೂಡಿಸುತ್ತಿದ್ದ ಹಲವರು ಈಗ ನಾಣ್ಯದ ಮೇಲಿನ ಹಕ್ಕಿ, ಹಡಗು, ಗಿಡ ನೋಡಿ ಆರಿಸತೊಡಗಿದ್ದಾರೆ. ಟೋಕನ್, ಪದಕಗಳನ್ನೂ ಅದೇ ಸಾಲಿಗೆ ತರುತ್ತಿದ್ದಾರೆ. ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ ವಿಷಯದವು. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದೇಶವಾರು ಕೂಡಿಸಿದ್ದ ನಾಣ್ಯಗಳಿಂದ ‘ಪ್ರಾಣಿಗಳು’ ಎಂಬ ವಿಷಯ ಹಿಡಿದು ಆರಿಸಿದೆ. ಎರಡೇ ವಾರದಲ್ಲಿ ಮುನ್ನೂರು ದಾಟಿತು. ಆದರೆ ಸಂಗ್ರಹ ಅನ್ನಿಸುತ್ತಿಲ್ಲ, ರಾಶಿ ಅನ್ನಿಸುತ್ತಿದೆ. ಎಲ್ಲಿ ತಪ್ಪಿದ್ದೇನೆ?

ಉತ್ತರ: ವಿಷಯ ತೀರಾ ಅಗಲವಾಗಿದೆ, ಅಷ್ಟೇ. ಮೊದಲು ಲಾಂಛನದ ಸಿಂಹ, ಲಾಂಛನದ ಹದ್ದುಗಳನ್ನೆಲ್ಲ ಪಕ್ಕಕ್ಕೆ ತೆಗೆದಿಡಿ. ಅವು ಅಧಿಕಾರದ ಗುರುತುಗಳು. ಆ ಅಚ್ಚು ಕೊರೆದವನು ಪ್ರಾಣಿಯನ್ನು ನೋಡಿ ಕೊರೆದವನಲ್ಲ. ಇಷ್ಟಕ್ಕೇ ರಾಶಿ ಎಷ್ಟೋ ಇಳಿಯುತ್ತದೆ.

ಆಮೇಲೆ ನಿಮ್ಮ ವಿಷಯವನ್ನು ಒಂದು ವಾಕ್ಯವಾಗಿ ಬರೆಯಿರಿ. ‘ಪ್ರಾಣಿಗಳು’ ಎಂದರೆ ವಾಕ್ಯವಾಗಲಿಲ್ಲ. ‘ಚಲಾವಣೆಗೆ ಬಂದ ನಾಣ್ಯಗಳಲ್ಲಿ ಮುಖ್ಯ ಚಿತ್ರವಾಗಿರುವ ಸಾಕುಪ್ರಾಣಿಗಳು’ ಎಂದರೆ ವಾಕ್ಯವಾಯಿತು. ಅದರಲ್ಲಿ ನಾಲ್ಕು ತೀರ್ಮಾನ ಇರಬೇಕು: ಯಾವ ಪ್ರಾಣಿ; ಮುಖ್ಯ ಚಿತ್ರವೇ ಆಗಬೇಕೋ, ಮೂಲೆಯಲ್ಲಿದ್ದರೂ ಸಾಕೋ; ನಾಣ್ಯ ಮಾತ್ರವೋ, ಟೋಕನ್ ಮತ್ತು ಪದಕವೂ ಉಂಟೋ; ಜನರ ಕೈಯಲ್ಲಿ ಓಡಾಡಿದ್ದೋ, ಸಂಗ್ರಾಹಕರಿಗೆಂದೇ ಹೊಡೆದದ್ದೂ ಆದೀತೋ.

ವಾಕ್ಯ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಿ. 1928ರಲ್ಲಿ ಐರಿಷ್ ಫ್ರೀ ಸ್ಟೇಟ್ (ಇಂದಿನ ಐರ್ಲೆಂಡ್) ಹೊರತಂದ ಎಂಟು ನಾಣ್ಯಗಳನ್ನು ಎದುರಿಗಿಟ್ಟುಕೊಳ್ಳಿ. ಕವಿ ಡಬ್ಲ್ಯೂ. ಬಿ. ಯೇಟ್ಸ್ ಅಧ್ಯಕ್ಷತೆಯ ಸಮಿತಿ ಆರಿಸಿದ, ಪರ್ಸಿ ಮೆಟ್ಕಾಫ್ ರಚಿಸಿದ ಚಿತ್ರಗಳು ಅವು. ಹಾಫ್ ಕ್ರೌನಿನಲ್ಲಿ ಕುದುರೆ, ಫ್ಲೋರಿನ್ನಿನಲ್ಲಿ ಸಾಲ್ಮನ್ ಮೀನು, ಶಿಲ್ಲಿಂಗಿನಲ್ಲಿ ಗೂಳಿ, ಆರು ಪೆನ್ಸಿನಲ್ಲಿ ಬೇಟೆನಾಯಿ, ಮೂರು ಪೆನ್ಸಿನಲ್ಲಿ ಮೊಲ, ಪೆನ್ನಿಯಲ್ಲಿ ಮರಿಗಳೊಂದಿಗೆ ಕೋಳಿ, ಅರ್ಧ ಪೆನ್ನಿಯಲ್ಲಿ ಮರಿಗಳೊಂದಿಗೆ ಹಂದಿ, ಫಾರ್ದಿಂಗಿನಲ್ಲಿ ವುಡ್‌ಕಾಕ್ ಹಕ್ಕಿ. ಮೇಲಿನ ವಾಕ್ಯದ ಪ್ರಕಾರ ಐದು ಒಳಗೆ ಬರುತ್ತವೆ. ಸಾಲ್ಮನ್, ಕಾಡುಮೊಲ, ವುಡ್‌ಕಾಕ್ ಹೊರಗೆ ಉಳಿಯುತ್ತವೆ. ಒಂದೊಂದಕ್ಕೂ ತಡವರಿಸದೆ ‘ಹೌದು’, ‘ಅಲ್ಲ’ ಎನ್ನಲು ಬಂದರೆ ವಾಕ್ಯ ಗಟ್ಟಿ. ತಡವರಿಸಿದರೆ ವಾಕ್ಯ ತಿದ್ದಿ. ನಾಣ್ಯವನ್ನು ಒಳಗೆ ತರುವ ಆಸೆಗೆ ವಾಕ್ಯ ಹಿಗ್ಗಿಸಬೇಡಿ.

ಕಿರಿದಾದ ವಿಷಯ ಬೇಗ ಮುಗಿದುಹೋಗುತ್ತದೆ ಎಂಬ ಹೆದರಿಕೆ ಬೇಡ. ಹಂದಿಯೊಂದನ್ನೇ ಹಿಡಿದರೂ ಹದಿನೇಳನೆಯ ಶತಮಾನದ ಆರಂಭದಲ್ಲಿ ಬರ್ಮುಡಾಕ್ಕಾಗಿ ಹೊಡೆದ ‘ಹಾಗ್ ಮನಿ’, ಅದೇ ಹಂದಿಯನ್ನು ಮತ್ತೆ ತಂದ 1970ರ ಬರ್ಮುಡಾ ಒಂದು ಸೆಂಟ್, ಐರ್ಲೆಂಡಿನ ಅರ್ಧ ಪೆನ್ನಿ ಎಂದು ಎಳೆ ಸಾಗುತ್ತಲೇ ಇರುತ್ತದೆ.

ಪ್ರಶ್ನೆ: ಹಂದಿಯ ಮಾತು ಬಂದಾಗ ಕೇಳಬೇಕು. ‘ವರಾಹ’ ಎಂಬ ನಾಣ್ಯಗಳೆಲ್ಲ ಈ ವಿಷಯಕ್ಕೆ ಸೇರುತ್ತವೆಯೇ?

ಉತ್ತರ: ಹೆಸರಿನಿಂದ ಸೇರಿಸಬೇಡಿ, ಚಿತ್ರದಿಂದ ಸೇರಿಸಿ. ವರಾಹ ಚಾಲುಕ್ಯರ ಲಾಂಛನ. ಹಂದಿಯ ಚಿತ್ರವಿರುವ ಅವರ ನಾಣ್ಯ ನಿಮ್ಮ ಸಾಲಿಗೆ ಬರುತ್ತದೆ. ಆದರೆ ಆ ಹೆಸರು ಮುಂದೆ ಒಂದು ತೂಕದ ಚಿನ್ನದ ನಾಣ್ಯಕ್ಕೇ ಅಂಟಿಕೊಂಡಿತು. ವಿಜಯನಗರದ ವರಾಹಗಳ ಮೇಲೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಬಾಲಕೃಷ್ಣ ಸಿಗುತ್ತಾರೆ, ಹಂದಿ ಸಿಗುವುದಿಲ್ಲ. ಅವು ದೇವತೆಗಳ ವಿಷಯಕ್ಕೆ ಹೋಗಬೇಕಾದವು.

ಚಿತ್ರವೇ ಹೆಸರನ್ನು ಹೇಳುವ ನಾಣ್ಯಗಳೂ ಇವೆ. ಪ್ರಾಚೀನ ಗ್ರೀಕ್ ನಗರ ಸೆಲಿನಸ್ ತನ್ನ ನಾಣ್ಯದ ಮೇಲೆ ಸೆಲರಿ ಎಲೆ ಹಾಕಿತು. ಗ್ರೀಕಿನಲ್ಲಿ ಆ ಗಿಡದ ಹೆಸರು ‘ಸೆಲಿನಾನ್’. ರೋಡ್ಸ್ ದ್ವೀಪ ಗುಲಾಬಿ ಹಾಕಿತು, ಗುಲಾಬಿ ‘ರೋಡಾನ್’. ಗಿಡಮರಗಳ ವಿಷಯ ಹಿಡಿದವರಿಗೆ ಇವು ಬಿಡಬಾರದ ನಾಣ್ಯಗಳು. ‘ಊರ ಹೆಸರನ್ನು ಸೂಚಿಸುವ ಚಿತ್ರ’ ಎಂದು ಚೀಟಿಯಲ್ಲಿ ಒಂದು ಸಾಲು ಬರೆದಿಡಿ.

ಪ್ರಶ್ನೆ: ನಾನು ಜೀವಶಾಸ್ತ್ರ ಓದಿದವಳು. ಪ್ರತಿ ನಾಣ್ಯದ ಪಕ್ಕ ಪ್ರಾಣಿಯ ವೈಜ್ಞಾನಿಕ ಹೆಸರು ಬರೆಯುತ್ತಿದ್ದೇನೆ. ಅಚ್ಚು ಕೊರೆದವರ ಕೈಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಬಹಳ ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ನಮ್ಮ ಸಲಹೆ ಇಷ್ಟು: ನಾಣ್ಯದ ಮೇಲೆ ಕಣ್ಣಿಗೆ ಕಾಣುವ ಎರಡು ದೇಹಲಕ್ಷಣಗಳಾದರೂ ಒಂದು ಪ್ರಭೇದಕ್ಕೆ ಹೊಂದಿದರೆ ಮಾತ್ರ ಪೂರ್ತಿ ಹೆಸರು ಬರೆಯಿರಿ. ಇಲ್ಲದಿದ್ದರೆ ಕುಲದ ಅಥವಾ ಕುಟುಂಬದ ಹೆಸರಿಗೇ ನಿಲ್ಲಿಸಿ.

ಪ್ರಾಚೀನ ಗ್ರೀಸಿನ ಈಜಿನಾ ದ್ವೀಪದ ಸ್ಟೇಟರ್ ಎಂಬ ಬೆಳ್ಳಿ ನಾಣ್ಯ ತೆಗೆದುಕೊಳ್ಳಿ. ತೂಕ ಸುಮಾರು 12 ಗ್ರಾಂ. ಮೇಲೆ ಆಮೆ, ಹಿಂದೆ ಮೊಳೆಯಿಂದ ಒತ್ತಿದ ಗುಳಿ. ಹಳೆಯವುಗಳಲ್ಲಿ ಇರುವುದು ಕಡಲಾಮೆ: ಚಿಪ್ಪು ನಯವಾಗಿದ್ದು ನಡುಬೆನ್ನಿನ ಉದ್ದಕ್ಕೆ ಚುಕ್ಕೆಗಳ ಸಾಲು, ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆ. ಕ್ರಿ.ಪೂ. ಐದನೆಯ ಶತಮಾನದ ನಡುಭಾಗದಲ್ಲಿ ಅದು ನೆಲದ ಆಮೆಯಾಗುತ್ತದೆ: ಚಿಪ್ಪಿನ ಮೇಲೆ ಬಿಲ್ಲೆಬಿಲ್ಲೆಯಾಗಿ ಗೆರೆಗಳು, ಮೋಟು ಕಾಲುಗಳು. ಸವೆದ ನಾಣ್ಯದಲ್ಲಿ ಚುಕ್ಕೆಗಳು ಮೊದಲು ಅಳಿಸುತ್ತವೆ. ಆಗ ಚಿಪ್ಪನ್ನು ಬಿಟ್ಟು ಕಾಲು ನೋಡಿ. ದೀಪವನ್ನು ಮೇಲಿನಿಂದ ಹಿಡಿಯದೆ ಮೇಜಿನ ಮಟ್ಟಕ್ಕೆ ಇಳಿಸಿ, ನಾಣ್ಯವನ್ನು ನಿಧಾನವಾಗಿ ತಿರುಗಿಸಿದರೆ ಅಳಿಸಿಹೋಯಿತು ಅಂದುಕೊಂಡ ಗೆರೆಯ ನೆರಳು ಎದ್ದು ಬರುತ್ತದೆ.

ಭಾರತದ 25 ಪೈಸೆಯ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯದ (1988–2002) ಖಡ್ಗಮೃಗ ಇನ್ನೊಂದು ಉದಾಹರಣೆ. ಒಂದೇ ಕೊಂಬು, ಮೈಮೇಲೆ ಕವಚದಂತೆ ಮಡಿಕೆಗಳು. ಆಫ್ರಿಕಾದ ಎರಡೂ ಪ್ರಭೇದಗಳಿಗೆ ಎರಡೆರಡು ಕೊಂಬು, ಚರ್ಮಕ್ಕೆ ಇಂಥ ಮಡಿಕೆಯಿಲ್ಲ. ಎರಡು ಲಕ್ಷಣ ಹೊಂದಿದವು. ಜಾವಾ ಪ್ರಭೇದಕ್ಕೂ ಒಂದೇ ಕೊಂಬಾದ್ದರಿಂದ ಹೊರಡಿಸಿದ ದೇಶವನ್ನೂ ಸೇರಿಸಿ ನೋಡಿ ರೈನೊಸೆರಾಸ್ ಯೂನಿಕಾರ್ನಿಸ್ ಎಂದು ಬರೆಯಬಹುದು. ಇದರ ಜೊತೆಗೆ ನೆನೆಯಬೇಕಾದದ್ದು ಗುಪ್ತರ ಒಂದನೆಯ ಕುಮಾರಗುಪ್ತನ ಚಿನ್ನದ ನಾಣ್ಯ. ಕುದುರೆಯ ಮೇಲಿನಿಂದ ರಾಜ ಕತ್ತಿಯಲ್ಲಿ ಖಡ್ಗಮೃಗವನ್ನು ಹೊಡೆಯುತ್ತಿದ್ದಾನೆ. ಸುತ್ತಲ ಬರಹದಲ್ಲಿ ಅವನನ್ನು ‘ಖಡ್ಗತ್ರಾತಾ’ ಎಂದು ಕರೆದಿದೆ. ಖಡ್ಗ ಎಂದರೆ ಕತ್ತಿಯೂ ಹೌದು, ಆ ಮೃಗವೂ ಹೌದು. ಚಿತ್ರವನ್ನೂ ಬರಹವನ್ನೂ ಜೋಡಿಸಿ ಓದಿದಾಗ ಮಾತ್ರ ಆ ಶ್ಲೇಷೆ ಸಿಗುತ್ತದೆ.

ಪ್ರಾಚೀನ ಗ್ರೀಕ್ ನಗರ ಸೈರೀನಿನ ನಾಣ್ಯಗಳ ಮೇಲಿನ ಸಿಲ್ಫಿಯಂ ಗಿಡದ ಪ್ರಭೇದ ಯಾವುದೆಂದು ಇನ್ನೂ ತೀರ್ಮಾನವಾಗಿಲ್ಲ. ಅಂಥ ಕಡೆ ‘ಸಿಲ್ಫಿಯಂ’ ಎಂದಷ್ಟೇ ಬರೆದು ಬಿಡುವುದು ಪ್ರಾಮಾಣಿಕ ಕ್ರಮ. ಪೂರ್ತಿ ಹೆಸರು ಬರೆಯುವ ಆಸೆ ತೀರಬೇಕಿದ್ದರೆ ಸ್ಟುವರ್ಟ್ ಡೆವ್ಲಿನ್ ರಚಿಸಿದ 1966ರ ಆಸ್ಟ್ರೇಲಿಯಾ ನಾಣ್ಯಗಳನ್ನು ಹಿಡಿಯಿರಿ. ಗರಿಬಾಲದ ಗ್ಲೈಡರ್, ಕೊರಳಪಟ್ಟಿಯ ಹಲ್ಲಿ, ಎಕಿಡ್ನಾ, ಲೈರ್ ಹಕ್ಕಿ, ಪ್ಲಾಟಿಪಸ್, ಐದೂ ಸ್ಪಷ್ಟ.

ಪ್ರಶ್ನೆ: ಆನೆ ನನ್ನ ವಿಷಯ. ಟಿಪ್ಪು ಸುಲ್ತಾನನ ತಾಮ್ರದ ಪೈಸೆಯೊಂದರಲ್ಲಿ ಆನೆಯ ಮೇಲ್ಗಡೆ ಪರ್ಷಿಯನ್ ಅಂಕಿಗಳು 8121 ಎಂದು ಓದುತ್ತವೆ. ನಕಲಿಯೇ?

ಉತ್ತರ: ಇಷ್ಟಕ್ಕೇ ನಕಲಿ ಅನ್ನಬೇಡಿ. ಟಿಪ್ಪು ‘ಮೌಲೂದಿ’ ಎಂಬ ಹೊಸ ಶಕೆಯನ್ನು ಜಾರಿಗೆ ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಿಮ್ಮದು 1218, ನಮ್ಮ ಲೆಕ್ಕದಲ್ಲಿ ಸುಮಾರು 1790. ಆನೆ ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ, ಹಿಂಬದಿಯಲ್ಲಿ ಯಾವ ಟಂಕಸಾಲೆಯ ಹೆಸರಿದೆ ಎಂಬುದನ್ನೂ ಬರೆದುಕೊಳ್ಳಿ. ಈ ಮೂರನ್ನು ಹಿಡಿದು ಜೋಡಿಸಿದರೆ ‘ಆನೆ ಪೈಸೆ’ ಎಂಬ ಒಂದೇ ಚೀಟಿಯ ಕೆಳಗೆ ಬಿದ್ದಿರುವ ನಾಣ್ಯಗಳು ಬೇರೆಬೇರೆಯಾಗಿ ನಿಲ್ಲುತ್ತವೆ.

ಪ್ರಶ್ನೆ: ಟೋಕನ್, ಪದಕಗಳನ್ನು ನಾಣ್ಯದ ಜೊತೆ ಒಂದೇ ಆಲ್ಬಮಿನಲ್ಲಿ ಇಡಬಹುದೇ? ಮೂರಕ್ಕೂ ವ್ಯತ್ಯಾಸ ಗುರುತಿಸುವುದು ಹೇಗೆ?

ಉತ್ತರ: ವಿಷಯ ಒಂದೇ ಆಗಿದ್ದರೆ ಧಾರಾಳವಾಗಿ ಇಡಬಹುದು, ಇಡಬೇಕು ಕೂಡ. ನಾಣ್ಯದಲ್ಲಿ ಬಾರದ ಎಷ್ಟೋ ಸಂಗತಿಗಳು ಟೋಕನ್ ಮೇಲೆ ಬಂದಿವೆ. ಬ್ರಿಟನ್ನಿನಲ್ಲಿ ಚಿಲ್ಲರೆ ನಾಣ್ಯದ ಕೊರತೆಯಿಂದ 1787ರಲ್ಲಿ ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಪ್ಯಾರಿಸ್ (Parys) ಗಣಿ ಕಂಪನಿ ತಾಮ್ರದ ಟೋಕನ್ ಹೊಡೆಸಿತು; ಬೆನ್ನಿಗೇ ನೂರಾರು ವ್ಯಾಪಾರಿಗಳು ತಮ್ಮತಮ್ಮದನ್ನು ಹೊಡೆಸಿದರು. ಯಂತ್ರ, ಸೇತುವೆ, ನೇಯ್ಗೆಯ ಮಗ್ಗ, ಹಡಗುಕಟ್ಟೆ, ಎಲ್ಲ ಅದರಲ್ಲಿ ಸಿಗುತ್ತವೆ. ಕೈಗಾರಿಕೆಯ ವಿಷಯ ಹಿಡಿದವರಿಗೆ ಆ ಹತ್ತು ವರ್ಷ ಒಂದು ಗಣಿ.

ವ್ಯತ್ಯಾಸ ಹೀಗೆ: ನಾಣ್ಯಕ್ಕೆ ಮುಖಬೆಲೆಯೂ ಅದರ ಹಿಂದೆ ಸರ್ಕಾರದ ಮಾತೂ ಇರುತ್ತದೆ. ಟೋಕನ್ನಿಗೆ ಬೆಲೆ ಇದೆ, ಆದರೆ ಹೊರಡಿಸಿದವನ ಬಳಿ ಮಾತ್ರ: ಒಂದು ಸವಾರಿ, ಒಂದು ದೂರವಾಣಿ ಕರೆ. ಇಟಲಿಯ ದೂರವಾಣಿ ಟೋಕನ್ ನೋಡಿ. ಒಂದು ಮುಖದಲ್ಲಿ ಉದ್ದಕ್ಕೆ ಕೊರೆದ ಒಂದು ತೋಡು, ಇನ್ನೊಂದರಲ್ಲಿ ಎರಡು. ಅದರ ಮೇಲಿನ 7904 ಎಂಬಂಥ ಅಂಕಿ ಇಸವಿಯೂ ತಿಂಗಳೂ ಸೇರಿದ್ದು, 1979ರ ಏಪ್ರಿಲ್. ಪದಕಕ್ಕೆ ಬೆಲೆಯೇ ಇಲ್ಲ. ಅದು ನೆನಪಿಗೆ ಅಥವಾ ಗೌರವಕ್ಕೆ. 1438ರಲ್ಲಿ ಇಟಲಿಯ ಕಲಾವಿದ ಪಿಸಾನೆಲ್ಲೊ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನ್ ಪೇಲಿಯೊಲೊಗಸ್‌ನ ಮುಖವಿಟ್ಟು ಮಾಡಿದ್ದನ್ನು ಈ ಪರಂಪರೆಯ ಮೊದಲ ಪದಕವೆಂದು ಎಣಿಸುತ್ತಾರೆ. ಅದು ಅಚ್ಚಿನಿಂದ ಹೊಡೆದದ್ದಲ್ಲ, ಎರಕ ಹೊಯ್ದದ್ದು.

‘ತಿರುಗಿಸಿದರೆ ಹಿಂಬದಿ ನೇರವಾಗಿದ್ದರೆ ಪದಕ, ತಲೆಕೆಳಗಾದರೆ ನಾಣ್ಯ’ ಎಂಬ ಮಾತನ್ನು ನಂಬಬೇಡಿ. ಅಮೆರಿಕದ ನಾಣ್ಯಗಳು ತಲೆಕೆಳಗು, ಬ್ರಿಟನ್ನಿನ ಇಂದಿನ ನಾಣ್ಯಗಳು ನೇರ. ಆದರೂ ಆ ದಿಕ್ಕನ್ನು ಬರೆದಿಡುವುದು ಉಪಯುಕ್ತ. ಮುಮ್ಮುಖ ನೇರವಾಗಿರುವಂತೆ ಮೇಲೆ ಕೆಳಗೆ ಎರಡು ಬೆರಳಲ್ಲಿ ಅಂಚು ಹಿಡಿದು, ಬಾಗಿಲು ತೆರೆದಂತೆ ಪಕ್ಕಕ್ಕೆ ತಿರುಗಿಸಿ. ಹಿಂಬದಿಯ ತಲೆ ಗಡಿಯಾರದ ಎಷ್ಟು ಗಂಟೆಗೆ ಬರುತ್ತದೋ ಅದನ್ನು ಬರೆಯಿರಿ: 12, 6, ಅಥವಾ ನಡುವೆ ಎಲ್ಲಾದರೂ.

ಪದಕಗಳಲ್ಲಿ ಅನೇಕರು ಏಮಾರುವುದು ಇಸವಿಯ ವಿಷಯದಲ್ಲಿ. ಪ್ಯಾರಿಸ್ ಟಂಕಸಾಲೆ ಹಳೆಯ ಅಚ್ಚುಗಳನ್ನು ಇಟ್ಟುಕೊಂಡು ಎಷ್ಟೋ ಕಾಲದ ನಂತರವೂ ಪದಕ ಹೊಡೆದು ಕೊಟ್ಟಿದೆ. ಮುಖದಲ್ಲಿ 1805 ಎಂದಿದ್ದರೂ ಅಂಚು ನೋಡಿ. ಅಲ್ಲಿ ಅರ್ಧ ಅಕ್ಕಿಕಾಳಿನಷ್ಟು ದೊಡ್ಡ ಗುರುತಿರಬಹುದು: ತೋರುಬೆರಳಿನ ಕೈ ಇದ್ದರೆ 1845–1860ರ ನಡುವೆ ಹೊಡೆದದ್ದು, ಜೇನುನೊಣ ಇದ್ದರೆ ಅದರ ನಂತರದ ಸುಮಾರು ಇಪ್ಪತ್ತು ವರ್ಷ, ಹಣ್ಣು ಹೂ ತುಂಬಿದ ಕೊಂಬು ಇದ್ದರೆ 1880 ಅಥವಾ ಅನಂತರ. ಪದಕ ಕೊಳ್ಳುವಾಗ ಎರಡು ಮುಖದ ಫೋಟೊ ಸಾಲದು, ಅಂಚಿನ ಫೋಟೊ ಕೇಳಿ ಪಡೆಯಿರಿ.

ಆಲ್ಬಮಿನ ಒಂದೇ ತೊಡಕು ದಪ್ಪ. ಐದಾರು ಮಿ.ಮೀ. ದಪ್ಪದ ಪದಕವನ್ನು ಜೇಬಿನ ಹಾಳೆಗೆ ತುರುಕಿದರೆ ಹಾಳೆ ಸೊಟ್ಟಗಾಗಿ ಪಕ್ಕದ ನಾಣ್ಯಗಳನ್ನು ಒತ್ತುತ್ತದೆ. ಪದಕಗಳನ್ನು ತಟ್ಟೆಯಲ್ಲಿಡಿ, ಆಲ್ಬಮಿನಲ್ಲಿ ಅದರ ಜಾಗಕ್ಕೆ ಫೋಟೊ ಹಾಕಿ.

ಪ್ರಶ್ನೆ: ಸಣ್ಣಪುಟ್ಟ ದ್ವೀಪಗಳ ಹೆಸರಿನಲ್ಲಿ ಬಣ್ಣ ಹಚ್ಚಿದ ಹಕ್ಕಿ, ಡೈನೊಸಾರ್ ನಾಣ್ಯಗಳು ಬರುತ್ತಿವೆ. ಕೊಳ್ಳಬಹುದೇ?

ಉತ್ತರ: ಅವುಗಳಲ್ಲಿ ಬಹಳಷ್ಟು ಆ ದ್ವೀಪದ ಅಂಗಡಿಯನ್ನು ಎಂದೂ ಕಂಡವಲ್ಲ. ಹೆಸರಿಗೆ ಕಾನೂನುಬದ್ಧ ಹಣ. ಹೊಡೆದದ್ದು ದೂರದ ಟಂಕಸಾಲೆಯಲ್ಲಿ, ಸಂಗ್ರಾಹಕರಿಗೆಂದೇ. ಇನ್ನು ಕೆಲವು ಆ ಮಟ್ಟವೂ ಇಲ್ಲದವು. ಯಾವ ಸರ್ಕಾರವೂ ಒಪ್ಪಿಗೆ ಕೊಡದೆ ಖಾಸಗಿಯವರು ನಾಣ್ಯದ ವೇಷ ತೊಡಿಸಿದ ಬಿಲ್ಲೆಗಳು. ಕ್ಯಾಟಲಾಗಿನಲ್ಲಿ ಕೆಎಂ ಸಂಖ್ಯೆ (ಕ್ರಾಸ್–ಮಿಶ್ಲರ್ ವಿಶ್ವ ನಾಣ್ಯ ಕ್ಯಾಟಲಾಗಿನ ಸಂಖ್ಯೆ) ಇದೆಯೇ ಎಂದು ನೋಡಿದರೆ ಎರಡನೆಯ ಗುಂಪಿನ ಹೆಚ್ಚಿನವು ಬೇರೆಯಾಗುತ್ತವೆ.

ನಮ್ಮ ಅಭಿಪ್ರಾಯ ಖಚಿತ: ವಿಷಯ ಸಂಗ್ರಹದ ಬೆನ್ನೆಲುಬು ಚಲಾವಣೆಯ ನಾಣ್ಯವೇ ಆಗಿರಬೇಕು. ಒಂದು ದೇಶ ತನ್ನ ಜನರ ಜೇಬಿಗೆ ಯಾವ ಚಿತ್ರ ಕಳಿಸಿತು ಎಂಬುದಕ್ಕೆ ಅರ್ಥವಿದೆ. ಆಹಾರ, ಕೃಷಿ ವಿಷಯದವರಿಗೆ ಇದಕ್ಕೆ ಒಳ್ಳೆಯ ದಾರಿಯೊಂದಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1968ರಲ್ಲಿ ನಾಣ್ಯ ಯೋಜನೆ ಆರಂಭಿಸಿದ ಮೇಲೆ ಹಲವು ದೇಶಗಳು ಬೆಳೆ, ದನ, ಮೀನುಗಾರಿಕೆಯ ಚಿತ್ರಗಳನ್ನು ತಮ್ಮ ದಿನಬಳಕೆಯ ನಾಣ್ಯಕ್ಕೇ ಹಾಕಿದವು. ಸವೆದವು ಸುಲಭವಾಗಿ ಸಿಗುತ್ತವೆ.

ಬಣ್ಣದ ನಾಣ್ಯ ಇಷ್ಟವಾದರೆ ಬೇರೆ ತಟ್ಟೆಯಲ್ಲಿಡಿ. ಅದಕ್ಕೆ ಅಸಿಟೋನ್ ಎಂಬ ದ್ರಾವಕ ಮಾತ್ರ ತಾಗಿಸಬೇಡಿ. ಬಣ್ಣ ಕಿತ್ತುಬರುತ್ತದೆ.

ಪ್ರಶ್ನೆ: ಜಹಾಂಗೀರನ ಹನ್ನೆರಡು ರಾಶಿಗಳ ನಾಣ್ಯ, ಪೂರ್ತಿ ಸೆಟ್, ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತಿದೆ. ಖಗೋಳ ನನ್ನ ವಿಷಯ.

ಉತ್ತರ: ಹಣ ಕೊಡಬೇಡಿ, ಮೊದಲು ತಜ್ಞರಿಗೆ ತೋರಿಸಿ. ತಿಂಗಳ ಹೆಸರಿನ ಬದಲು ಆ ತಿಂಗಳ ರಾಶಿಯ ಚಿತ್ರ ಹಾಕಿಸುವುದನ್ನು ಜಹಾಂಗೀರ್ ಆರಂಭಿಸಿದ್ದು 1618ರಲ್ಲಿ. ಚಿನ್ನದ ಮೊಹರುಗಳು ಹೆಚ್ಚಾಗಿ ಆಗ್ರಾದವು, ಬೆಳ್ಳಿಯ ರೂಪಾಯಿಗಳು ಅಹಮದಾಬಾದಿನವು. ಅವು ಎಷ್ಟು ಬೇಡಿಕೆಯವೆಂದರೆ ಹಿಂದಿನಿಂದಲೂ ನಕಲು ಹೊಡೆಯುತ್ತಲೇ ಬಂದಿದ್ದಾರೆ. ಹನ್ನೆರಡಕ್ಕೂ ಒಂದೇ ಬಣ್ಣ, ಒಂದೇ ಸವೆತ, ಒಂದೇ ಅಂಚು ಇದ್ದರೆ ಅವು ಒಂದೇ ಕೈಯಿಂದ ಒಂದೇ ಕಾಲದಲ್ಲಿ ಬಂದವೆಂದೇ ತಿಳಿಯಿರಿ.

ಪ್ರಶ್ನೆ: ಪ್ಲಾಸ್ಟಿಕ್ ಜೇಬಿನ ಆಲ್ಬಮಿನಲ್ಲಿಟ್ಟ ನಾಣ್ಯಗಳ ಮೇಲೆ ಹಸಿರು ಜಿಗುಟು ಕಾಣಿಸಿದೆ. ಕಿಲುಬೇ? ತೆಗೆಯುವುದು ಹೇಗೆ?

ಉತ್ತರ: ಹಸಿರೆಲ್ಲ ಕಿಲುಬಲ್ಲ. ಮೂರು ಬಗೆ ಇದೆ. ಚಿಕಿತ್ಸೆ ಬೇರೆಬೇರೆ, ಆದ್ದರಿಂದ ಮೊದಲು ಗುರುತಿಸಿ.

ಮುಟ್ಟಿದರೆ ಅಂಟುವ, ಹೊಳೆಯುವ ಹಸಿರು ಪಿವಿಸಿಯದ್ದು. ಮೆತ್ತಗಿನ ಪಿವಿಸಿ ಹಾಳೆ ಕಾಲಾಂತರದಲ್ಲಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಅದು ನಾಣ್ಯದಲ್ಲಿರುವ ತಾಮ್ರವನ್ನು ತಿನ್ನುತ್ತದೆ. ಗಟ್ಟಿಯಾಗಿ, ಸಮನಾಗಿ, ಲೋಹಕ್ಕೆ ಅಂಟಿಕೊಂಡಿರುವ ಕಡುಹಸಿರು ಹಳೆಯ ತಾಮ್ರ, ಕಂಚಿನ ಸಹಜ ಪದರ. ಅದನ್ನು ಮುಟ್ಟಬೇಡಿ, ಅದೇ ಒಳಗಿನ ಲೋಹವನ್ನು ಕಾಯುತ್ತಿದೆ. ತಿಳಿಹಸಿರು ಪುಡಿಯಾಗಿ, ಚುಕ್ಕೆಚುಕ್ಕೆಯಾಗಿ, ಮರದ ಕಡ್ಡಿಯ ತುದಿ ತಾಗಿದರೆ ಉದುರಿದರೆ ಅದು ಕಂಚಿನ ರೋಗ. ಮಣ್ಣಿನಿಂದ ಬಂದ ಕ್ಲೋರೈಡ್ ತೇವದ ಜೊತೆ ಸೇರಿ ಲೋಹವನ್ನು ಒಳಗಿಂದ ಕೊರೆಯುತ್ತಿರುತ್ತದೆ.

ಪಿವಿಸಿಗೆ ಶುದ್ಧ ಅಸಿಟೋನ್ ಬೇಕು. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಸುಗಂಧ, ಎಣ್ಣೆ ಬೆರೆತಿರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಎಲ್ಲೂ ಬೆಂಕಿ ಇರಬಾರದು. ಎರಡು ಗಾಜಿನ ಬಟ್ಟಲು ತೆಗೆದುಕೊಳ್ಳಿ. ಕೆಲವು ಪ್ಲಾಸ್ಟಿಕ್ ಬಟ್ಟಲು ಅಸಿಟೋನಿಗೆ ಕರಗುತ್ತವೆ. ಮೊದಲ ಬಟ್ಟಲಲ್ಲಿ ನಾಣ್ಯವನ್ನು ಹತ್ತು ಹದಿನೈದು ನಿಮಿಷ ಮುಳುಗಿಸಿಡಿ, ಆಗಾಗ ಬಟ್ಟಲನ್ನು ಅಲುಗಿಸಿ. ಎತ್ತಿದ ತಕ್ಷಣ, ಆರುವ ಮೊದಲೇ, ಎರಡನೆಯ ಬಟ್ಟಲ ಹೊಸ ಅಸಿಟೋನಿನಲ್ಲಿ ಅದ್ದಿ. ಈ ಎರಡನೆಯ ಅದ್ದಿಗೆಯನ್ನು ಬಿಡುವವರೇ ಹೆಚ್ಚು: ಕರಗಿದ ಜಿಗುಟು ಅಸಿಟೋನ್ ಆರಿದ ಮೇಲೆ ಮತ್ತೆ ಮೇಲ್ಮೈ ಮೇಲೆ ತೆಳುವಾಗಿ ಹರಡಿ, ತೊಳೆದೂ ತೊಳೆಯದಂತಾಗುತ್ತದೆ. ಮೆತ್ತನೆಯ ಬಟ್ಟೆಯ ಮೇಲೆ ಇಟ್ಟು ತಾನಾಗಿ ಆರಲು ಬಿಡಿ, ಒರೆಸಬೇಡಿ. ಉಳಿದಿದ್ದರೆ ಹತ್ತಿಯ ಕಡ್ಡಿಯನ್ನು ಉಜ್ಜದೆ ಉರುಳಿಸಿ. ಅಷ್ಟಾದರೂ ಗುಳಿ ಕಂಡರೆ ಅದು ಆಗಲೇ ತಿಂದುಹೋದ ಲೋಹ, ಮರಳಿ ಬಾರದು. ಅರಗಿನ ಲೇಪ ಅಥವಾ ಎನಾಮೆಲ್ ಇರುವ ಪದಕಕ್ಕೆ ಈ ಕ್ರಮ ಬೇಡ.

ಹಾಳೆ ಪಿವಿಸಿಯೇ ಎಂದು ತಿಳಿಯಲು ತಾಮ್ರದ ತಂತಿಯ ತುದಿಯನ್ನು ಜ್ವಾಲೆಗೆ ಬಣ್ಣ ಬಾರದಂತಾಗುವವರೆಗೆ ಬೆಂಕಿಯಲ್ಲಿ ಕಾಯಿಸಿ, ಹಾಳೆಯ ತುಣುಕಿಗೆ ತಾಗಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಜ್ವಾಲೆ ಕಡುಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ. ಇದನ್ನು ಬಯಲಲ್ಲಿ ಮಾಡಿ, ಅಸಿಟೋನ್ ಬಳಸುವ ದಿನ ಮಾಡಬೇಡಿ. ಬದಲಿಗೆ ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಹಾಳೆ ಕೊಳ್ಳಿ. ರಟ್ಟಿನ ಹೋಲ್ಡರ್ ಬಳಸುವವರು ಸ್ಟೇಪಲ್ ಪಿನ್ನಿನ ಹಿಂಬದಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಲೇಬೇಕು. ಇಲ್ಲವಾದರೆ ಪಕ್ಕದ ನಾಣ್ಯಕ್ಕೆ ಗೀರು ಖಂಡಿತ.

ಕಂಚಿನ ರೋಗದ ನಾಣ್ಯವನ್ನು ಉಳಿದವುಗಳಿಂದ ಆ ದಿನವೇ ಬೇರ್ಪಡಿಸಿ. ಪುಡಿಯನ್ನು ಮರದ ಕಡ್ಡಿಯಿಂದ ತೆಗೆದು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ. ಕೆಲವು ವಾರ, ನೀರು ಬದಲಿಸುತ್ತ. ಪೂರ್ತಿ ಒಣಗಿಸಿ ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ, ಗಾಳಿಯ ತೇವಾಂಶ ಶೇ. 40ರ ಕೆಳಗಿರುವಂತೆ ಇಡಿ. ತಿಂಗಳ ನಂತರ ಪುಡಿ ಮತ್ತೆ ಬಂದರೆ ಲೋಹ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸಿ.

ಪ್ರಶ್ನೆ: ಕಪ್ಪಾದ ಬೆಳ್ಳಿ ನಾಣ್ಯವನ್ನು ಟೂತ್‌ಪೇಸ್ಟಿನಿಂದ ಉಜ್ಜಬಹುದೇ?

ಉತ್ತರ: ಬೇಡ. ಟೂತ್‌ಪೇಸ್ಟಿನಲ್ಲಿರುವುದು ಉಜ್ಜುಪುಡಿ; ನವಿರಾದ ಗೀರುಗಳು ಬಿದ್ದು, ಅಚ್ಚಿನಿಂದ ಬಂದ ಹೊಳಪು ಶಾಶ್ವತವಾಗಿ ಹೋಗುತ್ತದೆ. ಕಪ್ಪು ಗಂಧಕದಿಂದ ಬಂದದ್ದು. ರಬ್ಬರ್ ಬ್ಯಾಂಡ್, ಅಗ್ಗದ ಕಾಗದ, ಉಣ್ಣೆಬಟ್ಟೆ ಹತ್ತಿರವಿದ್ದರೆ ತೆಗೆಯಿರಿ, ಸಾಕು.

ಪ್ರಶ್ನೆ: ನಾಣ್ಯಕ್ಕೆ ಪೆಟ್ಟಾಗದಂತೆ ಲೋಹ ಅಸಲಿಯೇ ಎಂದು ಮನೆಯಲ್ಲೇ ನೋಡಬಹುದೇ?

ಉತ್ತರ: 0.01 ಗ್ರಾಂವರೆಗೆ ತೋರುವ ತಕ್ಕಡಿ ಮತ್ತು ಒಂದು ಲೋಟ ನೀರು ಸಾಕು. ಮೊದಲು ನಾಣ್ಯ ತೂಗಿ ಬರೆದುಕೊಳ್ಳಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ತಳವನ್ನೂ ಬದಿಯನ್ನೂ ತಾಗದಂತೆ, ಪೂರ್ತಿ ಮುಳುಗುವಂತೆ ಇಳಿಬಿಡಿ. ಈಗ ತಕ್ಕಡಿ ತೋರುವುದು ನಾಣ್ಯ ಸರಿಸಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಶುದ್ಧ ಬೆಳ್ಳಿ 10.49, ತಾಮ್ರ 8.96, ತಾಮ್ರ-ನಿಕಲ್ ಮಿಶ್ರಣ ಸುಮಾರು 8.9, ಶುದ್ಧ ಚಿನ್ನ 19.3.

ಆಸ್ಟ್ರಿಯಾದ ರಾಣಿಯ ಹೆಸರಿನ ಬೆಳ್ಳಿ ನಾಣ್ಯ ಮರಿಯಾ ತೆರೇಸಾ ಥಾಲರ್ 28.07 ಗ್ರಾಂ, ಆರರಲ್ಲಿ ಐದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ನೀರಿನಲ್ಲಿ ತಕ್ಕಡಿ 2.75ರ ಆಸುಪಾಸು ತೋರಬೇಕು, 3.15 ತೋರಿದರೆ ಅದು ಬೆಳ್ಳಿಯಲ್ಲ. ತಪ್ಪಾಗುವುದು ಗಾಳಿಗುಳ್ಳೆಯಿಂದ: ಅಕ್ಷರಗಳ ಸಂದಿನಲ್ಲಿ ಒಂದು ಗುಳ್ಳೆ ನಿಂತರೂ ಲೆಕ್ಕ ಜಾರುತ್ತದೆ. ಮೆದು ಕುಂಚದಿಂದ ಸವರಿ ಬಿಡಿಸಿ, ಮೂರು ಸಲ ತೂಗಿ. ತೀರಾ ಸಣ್ಣ ನಾಣ್ಯಕ್ಕೆ ಈ ವಿಧಾನ ನಂಬಿಕೆಗೆ ಬಾರದು. ಮಣ್ಣಿನಿಂದ ಬಂದ ಕಂಚು, ಸೀಸಕ್ಕೆ ಈ ನೀರಿನ ಪರೀಕ್ಷೆಯೇ ಬೇಡ.

ಲೋಹ ಸರಿಯಿದ್ದ ಮಾತ್ರಕ್ಕೆ ಕಾಲ ಸರಿ ಎಂದಲ್ಲ. ಆ ಥಾಲರಿನ ಮೇಲೆ ಸದಾ 1780 ಎಂದೇ ಇರುತ್ತದೆ. ರಾಣಿ ತೀರಿದ ವರ್ಷ ಅದು. ವ್ಯಾಪಾರಕ್ಕೆ ಅದೇ ನಾಣ್ಯ ಬೇಕೆಂದು ಇಪ್ಪತ್ತನೆಯ ಶತಮಾನದಲ್ಲೂ ವಿಯೆನ್ನಾ ಮಾತ್ರವಲ್ಲ, ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಮುಂಬಯಿಗಳಲ್ಲಿ ಅಸಲಿ ಬೆಳ್ಳಿಯಲ್ಲೇ ಹೊಡೆದರು. ಭುಜದ ಪಿನ್ನಿನ ಸುತ್ತಲ ಮುತ್ತುಗಳ ಎಣಿಕೆ, ಹದ್ದಿನ ಬಾಲದ ಗರಿಗಳ ಜೋಡಣೆ ನೋಡಿ ಅವನ್ನು ಬೇರ್ಪಡಿಸುತ್ತಾರೆ.

ಪ್ರಶ್ನೆ: ಹಡಗುಗಳ ಅರವತ್ತು ನಾಣ್ಯ ಆಗಿವೆ. ಇಸವಿಯಂತೆ ಜೋಡಿಸಲೇ, ದೇಶದಂತೆಯೇ?

ಉತ್ತರ: ಹಡಗು ಹೇಗೆ ಚಲಿಸುತ್ತದೆ ಎಂಬುದರಂತೆ ಜೋಡಿಸಿ ನೋಡಿ: ಹುಟ್ಟು, ಹಾಯಿ, ಎಂಜಿನ್. ಆಗ ಮಾರ್ಕ್ ಆಂಟನಿ ಕ್ರಿ.ಪೂ. 32–31ರಲ್ಲಿ ತನ್ನ ಸೇನೆಗಾಗಿ ಹೊಡೆಸಿದ ದಿನಾರಿಯಸ್ ನಾಣ್ಯದ ಯುದ್ಧನೌಕೆಯೂ ಗ್ರೀಸಿನ ಒಂದು ಯೂರೊ ಸೆಂಟಿನ ಟ್ರೈರೀಮ್ (ಮೂರು ಸಾಲು ಹುಟ್ಟಿನ) ನೌಕೆಯೂ ಪಕ್ಕಪಕ್ಕ ಕೂರುತ್ತವೆ. ಶಾತವಾಹನರ ಎರಡು ಕೂವೆಯ (ಹಾಯಿಕಂಬದ) ಹಡಗು, ಕೆನಡಾದ 1937ರಿಂದ ಬಂದ ಹತ್ತು ಸೆಂಟಿನ ಹಾಯಿಹಡಗು, ಬ್ರಿಟನ್ನಿನ 1937ರ ಅರ್ಧ ಪೆನ್ನಿಯ ‘ಗೋಲ್ಡನ್ ಹೈಂಡ್’, ಗ್ರೀಸಿನ ಎರಡು ಸೆಂಟಿನ ಕಾರ್ವೆಟ್ (ಸಣ್ಣ ಯುದ್ಧನೌಕೆ) ಹಾಯಿಯ ಸಾಲಿಗೆ ಬರುತ್ತವೆ. ಗ್ರೀಸಿನದೇ ಐದು ಸೆಂಟಿನ ಟ್ಯಾಂಕರ್ ಎಂಜಿನ್ ಸಾಲನ್ನು ಆರಂಭಿಸಿಕೊಡುತ್ತದೆ. ಎಲ್ಲಿ ಜಾಗ ಖಾಲಿ ಇದೆ ಎಂಬುದೂ ಈ ಜೋಡಣೆಯಲ್ಲೇ ಕಾಣುವುದು. ಆವಿಹಡಗಿಗೆ ನಾಣ್ಯಕ್ಕಿಂತ ಪದಕ, ಟೋಕನ್ ಹುಡುಕಿ.

ಹಡಗಿರುವ ಮುಖವೇ ಮೇಲಿರಲಿ, ಇನ್ನೊಂದು ಮುಖಕ್ಕೆ ಫೋಟೊ. ಚೀಟಿಯಲ್ಲಿ ಕೂವೆ ಎಷ್ಟು, ಹುಟ್ಟಿನ ಸಾಲು ಎಷ್ಟು, ಹಡಗು ಯಾವ ಕಡೆಗೆ ಹೊರಟಿದೆ ಎಂದು ಬರೆಯಿರಿ. ತೂಕ, ಅಗಲ, ಲೋಹ, ಎಲ್ಲಿಂದ ಯಾವಾಗ ಬಂತು ಎಂಬುದು ಹಿಂಬದಿಯಲ್ಲಿ. ಶಾತವಾಹನರ ಆ ಹಡಗು ಸೀಸದ ನಾಣ್ಯ. ಅದನ್ನು ಮರದ ಪೆಟ್ಟಿಗೆಯಲ್ಲಿ ಇಡಬೇಡಿ. ಮರ, ಅದರಲ್ಲೂ ಓಕ್, ಬಿಡುವ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಗಾಳಿಯಾಡದ ಪಾಲಿಪ್ರೊಪಿಲೀನ್ ಡಬ್ಬಿಯಲ್ಲಿಟ್ಟು ಆರು ತಿಂಗಳಿಗೊಮ್ಮೆ ತೆರೆದು ನೋಡಿ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಿರಿ.